ಉಕ್ಕಿನ ಕೋಲು

ಎರಡು ತುಂಡಾದ ಬಿಳಿ ಅಲ್ಯುಮಿನಿಯಂ ಕೋಲನ್ನು ಅಣ್ಣ ತನ್ನ ಅಂಗಡಿಯ ವೆಲ್ಡಿಂಗ್ ಮೇಜಿನ ಮೇಲೆ ಎಸೆದ. ಪಕ್ಕದಲ್ಲಿ ಅವನೇ ಮಾಡಿದ ಉಕ್ಕಿನ ಕೋಲಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

“ಸೋಮವಾರದಿಂದ ಇದನ್ನ ಹಿಡ್ಕೊಂಡು ಹೋಗು. ಇಲ್ಲಾಂದ್ರೆ ನಾನೇ ಬಿಟ್ಟು, ನಾನೇ ಕರ್ಕೊಂಡು ಬರ್ತೀನಿ. ಒಬ್ಬಳೇ ಹೋಗೋ ಮಾತು ಮುಗೀತು.”

ಹುಟ್ಟಿನಿಂದ ಕಣ್ಣು ಕಾಣದ ತಂಗಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಇಪ್ಪತ್ತು ನಿಮಿಷಗಳ ಆ ದಾರಿಯನ್ನು ಆರು ವರ್ಷ ಒಬ್ಬಳೇ ನಡೆದಿದ್ದಳು. ನಿನ್ನೆ ತಿರುವಿನಲ್ಲಿ ನುಗ್ಗಿಬಂದ ಸೈಕಲ್ಲಿನ ಚಕ್ರಕ್ಕೆ ಕೋಲು ಸಿಕ್ಕಿ ಮುರಿದಿತ್ತು. ಯಾರೋ ಕೈಹಿಡಿದು ಮನೆಗೆ ತಂದು ಬಿಟ್ಟಿದ್ದರು. ಅದೇ ಅಣ್ಣನ ಕಣ್ಣಿಗೆ ಕಟ್ಟಿಕೊಂಡಿತ್ತು.

ಆಕೆ ಉಕ್ಕಿನ ಕೋಲನ್ನು ಎತ್ತಿ, ನೆಲಕ್ಕೆ ತಟ್ಟಿ ಕೇಳಿಸಿಕೊಂಡಳು.

“ಚೆನ್ನಾಗಿದೆ ಅಣ್ಣ. ಗೇಟಿಗೆ ಅಗುಳಿ ಹಾಕೋಕೆ.”

ಊಟದ ಡಬ್ಬಿ ತಂದ ಅತ್ತಿಗೆ ಬಾಗಿಲಲ್ಲೇ ನಕ್ಕಳು. “ನಿಮ್ಮಣ್ಣನಿಗೆ ಬಿಟ್ರೆ ನಿಂಗೆ ಕಬ್ಬಿಣದ ಅಂಗೀನೂ ಹೊಲಿಸ್ತಾರೆ.”

“ನಗಬೇಡ ಕಣೇ. ಆ ತಗಡಿನ ಕೋಲು ಕೈಕೊಡ್ತು ತಾನೇ?”

“ನನ್ನ ಕೈ ನೋಡಿದ್ಯಾ?” ತಂಗಿ ಬಲಗೈ ಚಾಚಿದಳು. ಒಂದು ಗೀರೂ ಇರಲಿಲ್ಲ. ಅಣ್ಣ ಅತ್ತ ತಿರುಗಲಿಲ್ಲ.

“ಸರಿ, ಒಂದು ಪರೀಕ್ಷೆ,” ಎಂದಳು ತಂಗಿ. “ಕಣ್ಣಿಗೆ ಟವೆಲ್ ಕಟ್ಕೊಂಡು, ಇದನ್ನ ಹಿಡಿದು ಆ ಗೋಡೆವರೆಗೆ ನಡಿ. ನಡುವೆ ನಿನ್ನ ಸೈಕಲ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸ್ತೀನಿ. ಏನೂ ಆಗ್ಲಿಲ್ವಾ, ನೀನು ಹೇಳಿದ ಹಾಗೆ ಕೇಳ್ತೀನಿ. ಮೆಲ್ಲಗೇ ತಿರುಗಿಸ್ತೀನಿ ಬಿಡು.”

“ಜೋರಾಗೇ ತಿರುಗಿಸು.”

ಕಣ್ಣಿಗೆ ಟವೆಲ್ ಕಟ್ಟಿ, ಕೋಲಿನ ಹಿಡಿಯಲ್ಲಿದ್ದ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದುಕೊಂಡು ಅವನು ಹೆಜ್ಜೆಯಿಟ್ಟ. ಹದಿನೈದು ವರ್ಷ ದುಡಿದ ಅಂಗಡಿ ಮೂರನೆಯ ಹೆಜ್ಜೆಗೇ ಪರಸ್ಥಳವಾಯಿತು. ಚಕ್ರದ ಸುಯ್ಯೆನ್ನುವ ಸದ್ದು ಎಡಕ್ಕೋ, ಬಲಕ್ಕೋ? ನಿಂತ. ಕೋಲನ್ನು ಬಲಕ್ಕೆ ಬೀಸಿದ, ಏನೂ ಇಲ್ಲ. ಧೈರ್ಯ ಬಂದು ಎಡಕ್ಕೆ ಬೀಸಿದ.

ಚಕ್ರದ ಕಡ್ಡಿಗಳು ಕೋಲಿನ ತುದಿಯನ್ನು ಕಚ್ಚಿದವು. ಉಕ್ಕು ಬಾಗಲಿಲ್ಲ, ಮುರಿಯಲಿಲ್ಲ. ಎಳೆತವೆಲ್ಲ ನೇರ ಮಣಿಕಟ್ಟಿಗೆ ಬಂತು. ಬಿಟ್ಟುಬಿಡೋಣವೆಂದರೆ ಪಟ್ಟಿ ಬಿಡಲಿಲ್ಲ. ಅವನು ಮಂಡಿಯೂರಿ ಬಿದ್ದ. ಮೇಲೆ ಸೈಕಲ್ ಬಿತ್ತು.

“ಅತ್ತಿಗೆ, ಮೊದಲು ಪಟ್ಟಿ ಬಿಚ್ಚಿ,” ಎಂದಳು ತಂಗಿ.

ಅತ್ತಿಗೆ ಪಟ್ಟಿ ಬಿಚ್ಚಿ, ಊದುತ್ತಿದ್ದ ಮಣಿಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದಳು. “ಕೋಲಿಗೆ ಏನೂ ಆಗಿಲ್ಲ ರೀ. ನೆಮ್ಮದಿಯಾಗಿರಿ.”

ಅವನು ಎಡಗೈಯಲ್ಲಿ ಹಳೆಯ ಕೋಲಿನ ತುಂಡೊಂದನ್ನು ಎತ್ತಿಕೊಂಡು, ಮುರಿದ ಅಂಚನ್ನು ಬೆರಳಲ್ಲಿ ಸವರಿದ.

“ಇದು ಮುರಿದಾಗ ನಿಂಗೆ ಹೇಗಾಯ್ತು?”

“ಕೈ ಹಗುರಾಯ್ತು, ಅಷ್ಟೇ. ಭಯ ಆಮೇಲೆ ಬಂತು. ರಸ್ತೆ ನಡುವೆ ಯಾವ ಕಡೆ ಮುಖ ಮಾಡಿದೀನಿ ಅಂತಾನೇ ತಿಳೀಲಿಲ್ಲ. ನೀನು ಹೆದರಿದ್ದು ಸುಳ್ಳಲ್ಲ ಅಣ್ಣ.”

ಸೋಮವಾರ ಬೆಳಿಗ್ಗೆ ಅವನು ಅವಳ ಕೈಗೆ ಹೊಸ ಅಲ್ಯುಮಿನಿಯಂ ಕೋಲು ಕೊಟ್ಟ. ಅದರ ಪಟ್ಟಿಯನ್ನು ಕತ್ತರಿಸಿ ತೆಗೆದಿದ್ದ. ಅವಳ ಚೀಲದೊಳಗೆ ಹೊಸದಾಗಿ ಹೊಲಿಸಿದ ಕುಣಿಕೆಯೊಂದಿತ್ತು. ಅದರಲ್ಲಿ ಮಡಚುವ ಕೋಲೊಂದು ಕೂತಿತ್ತು.

“ಎರಡು ಯಾಕೆ?”

“ಒಂದು ಮುರಿಯೋಕೆ. ಇನ್ನೊಂದು ಮನೆಗೆ ಬರೋಕೆ.”

ಅವಳು ಒಬ್ಬಳೇ ಹೊರಟಳು. ಟಕ್ ಟಕ್ ಸದ್ದು ತಿರುವಿನ ತನಕ ಕೇಳಿಸಿತು. ಅವನು ಹಿಂದೆ ಹೋಗಲಿಲ್ಲ. ಒಳಗೆ ಬಂದು, ಉಕ್ಕಿನ ಕೋಲನ್ನು ಮೇಜಿನ ಮೇಲಿಟ್ಟು, ಎಡಗೈಯಲ್ಲೇ ಗೇಟಿನ ಅಗುಳಿಗೆ ಅಳತೆ ಗುರುತು ಹಾಕತೊಡಗಿದ.