ಐದನೇ ಅಂಕದ ಹೆಣ

“ತಲೆ ಇನ್ನೊಂಚೂರು ಈ ಕಡೆ ತಿರುಗಿಸಿ, ಮುಖ ಕಾಣ್ಬೇಕು,” ಎನ್ನುತ್ತ ನಿರ್ದೇಶಕರು ಹೆಣದ ಬಲಗೈಯನ್ನು ಮಂಚದಿಂದ ಇಳಿಬಿಟ್ಟರು. ನಾಟಕದಲ್ಲಿ ಅದು ಹಾಗೇ ಇರುತ್ತಿತ್ತು. ಹೆಂಡತಿ ಆ ಕೈಯನ್ನೆತ್ತಿ ಗಂಡನ ಎದೆಯ ಮೇಲಿಟ್ಟಳು. ನಿರ್ದೇಶಕರು ನಾಲಿಗೆ ಕಚ್ಚಿಕೊಂಡರು.

“ಅಭ್ಯಾಸ ಬಲ ಅಮ್ಮ, ತಪ್ಪು ತಿಳ್ಕೋಬೇಡಿ.”

“ಇಪ್ಪತ್ತಾರು ವರ್ಷ ನೀವು ಹೇಳಿದ ಹಾಗೇ ಮಲಗಿದ್ರು. ಇವತ್ತೊಂದಿನ ಬಿಟ್ಬಿಡಿ.”

ತಾಯಿಯ ಪಾತ್ರದ ನಟಿ ಬಾಗಿಲ ಬಳಿ ನಿಂತಿದ್ದಳು. ಪ್ರತಿ ಪ್ರದರ್ಶನದಲ್ಲೂ ಇವನನ್ನು ತಬ್ಬಿ ಸಭೆಯನ್ನೆಲ್ಲ ಅಳಿಸಿದವಳಿಗೆ ಇವತ್ತು ಒಂದು ಹನಿ ಬರಲಿಲ್ಲ. ಪಾಪ, ನಾಚಿಕೆಯಾಗಿ ಕರವಸ್ತ್ರ ಮುಖಕ್ಕೆ ಹಿಡಿದಳು.

*

ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದ ಮನುಷ್ಯ ಆ ದುರಂತ ನಾಟಕದಲ್ಲಿ ಸತ್ತ ಕಿರಿಮಗನಾಗಿ ಮಲಗಲು ಒಪ್ಪಿದ್ದು, ಮುಂದೆ ಹಿರಿಮಗನ ಪಾತ್ರ ಕೊಡುತ್ತೇವೆಂಬ ಮಾತು ನಂಬಿ. ಮೊದಲ ಪ್ರಯೋಗ ನಲವತ್ತು ಪ್ರದರ್ಶನಕ್ಕೆ ನಿಂತಿತು. ಎರಡನೆಯದಕ್ಕೆ ಹಾಡುಗಳು ಬಂದವು, ಹೊಸ ಹಿರಿಮಗ ಬಂದ. ಮೂರನೆಯದರಲ್ಲಿ ಹಾಡುಗಳು ಹೋದವು, ತಾಯಿಯ ಪ್ರಲಾಪ ಅರ್ಧಕ್ಕಿಳಿಯಿತು, ಮತ್ತೊಬ್ಬ ಹಿರಿಮಗ ಬಂದ. ಹೆಣ ಮಾತ್ರ ಬದಲಾಗಲಿಲ್ಲ.

“ಮಾತೆಲ್ಲ ಬಾಯಿಪಾಠ ಇದೆ ಸಾರ್, ಒಂದ್ಸಲ ಕೊಟ್ಟು ನೋಡಿ.”

ನಿರ್ದೇಶಕರು ಬೆನ್ನು ತಟ್ಟುತ್ತಿದ್ದರು. “ನಿನ್ನಷ್ಟು ಚೆನ್ನಾಗಿ ಸಾಯೋರನ್ನ ನಾನೆಲ್ಲಿಂದ ತರ್ಲಪ್ಪ?”

ಎಲ್ಲರೂ ನಗುತ್ತಿದ್ದರು. ಅವನೂ ಹಲ್ಲು ಕಿರಿಯುತ್ತಿದ್ದ. ಆಮೇಲೆ ಮನೆಗೆ ಬಂದು, ಪಾತ್ರೆ ತೊಳೆಯುವ ಹೆಂಡತಿಯ ಬೆನ್ನಿಗೆ ಹಿರಿಮಗನ ಮಾತುಗಳನ್ನಷ್ಟೂ ಒಪ್ಪಿಸುತ್ತಿದ್ದ. ಗಂಡ ಸತ್ತು ಬಿದ್ದಿರುವುದನ್ನು ನೋಡಲಾರೆನೆಂದು ಅವಳು ಒಮ್ಮೆಯೂ ನಾಟಕಕ್ಕೆ ಹೋಗಿರಲಿಲ್ಲ.

*

ಸ್ಮಶಾನದಿಂದ ಹೊರಡುವಾಗ ಅವಳು ನಿರ್ದೇಶಕರನ್ನು ತಡೆದಳು.

“ಇವತ್ತಿನ ನಾಟಕ ನಿಲ್ಸಿ. ಒಂದೇ ಒಂದಿನ. ಅವರಿಲ್ಲ ಅಂತ ಜನಕ್ಕೆ ಗೊತ್ತಾಗ್ಲಿ.”

“ಆಗಲ್ಲ ಅಮ್ಮ. ಸಭಾಂಗಣ ಭರ್ತಿಯಾಗಿದೆ.”

“ಮತ್ತೆ ಅವರ ಜಾಗಕ್ಕೆ ಯಾರು?”

ನಿರ್ದೇಶಕರು ನೆಲ ನೋಡಿದರು. “ಗೊಂಬೆ ಮಾಡ್ಸಿದೀವಿ. ಮುಖಕ್ಕೆ ಬಟ್ಟೆ ಮುಚ್ಚಿದ್ರೆ ಆಯ್ತು.”

ಆ ಮಾತಿಗೆ ಅವಳಿಗೆ ಗಂಡ ಸತ್ತದ್ದಕ್ಕಿಂತ ಹೆಚ್ಚು ನೋವಾಯಿತು.

ಸಂಜೆ ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ಒಬ್ಬರಾದರೂ ಎದ್ದು, ಅವನೆಲ್ಲಿ ಎಂದು ಕೇಳಿಯಾರೆಂದು ಕಾದಳು. ಐದನೇ ಅಂಕದಲ್ಲಿ ಇಬ್ಬರು ಗೊಂಬೆಯನ್ನು ಹೊತ್ತು ತಂದರು. ನಟಿ ಅದರ ಮೇಲೆ ಬಿದ್ದು ಗೋಳೋ ಎಂದು ಅತ್ತಳು. ಸಭೆಯೂ ಅತ್ತಿತು.

ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಇವಳತ್ತ ಬಾಗಿದಳು. “ಕಿರಿಮಗನ ಪಾತ್ರದೋನನ್ನ ನೋಡಿ. ಉಸಿರೂ ಆಡ್ದೆ ಹೇಗೆ ಮಲಗಿದಾನೆ!”

ಚಪ್ಪಾಳೆ ಬಿತ್ತು. ನಟರೆಲ್ಲ ಸಾಲಾಗಿ ನಿಂತು ತಲೆಬಾಗಿದರು. ಗೊಂಬೆ ಅವರ ಕಾಲುಗಳ ಹಿಂದೆ ಮಗ್ಗುಲಾಗಿ ಬಿದ್ದಿತ್ತು.