ಮೊದಲನೆಯದರ ಹಿಂದಿನ ದೀಪ

ನಾನು ನಾಲ್ಕೇ ಸಾಲಿನ ಒಂದು ಫಂಕ್ಷನ್. ಅಂದರೆ ಯಂತ್ರಕ್ಕೆ ಲೆಕ್ಕ ಹೇಳಿಕೊಡುವ ಪುಟ್ಟ ತುಣುಕು. ಮೈಸೂರಿನ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ಹುಟ್ಟಿದೆ. ಅಂಗಡಿಯ ಶ್ರೀಕಂಠಯ್ಯನವರು ಹಾಡುವವರಿಗಾಗಿ ತಾಳದ ಪೆಟ್ಟಿಗೆ ಮಾಡುತ್ತಿದ್ದರು. ಸಾಲಾಗಿ ಎಂಟು ದೀಪ. ಒಂದೊಂದು ಹೊತ್ತಿಕೊಂಡಾಗಲೂ ‘ಟಕ್’ ಎಂಬ ಸದ್ದು. ಎಂಟು ಮುಗಿದರೆ ಮತ್ತೆ ಮೊದಲನೆಯದು. ಎಣಿಕೆಯನ್ನು ಎಂಟರಿಂದ ಭಾಗಿಸಿ, ಉಳಿದ ಶೇಷ ನೋಡಿ, ಯಾವ ದೀಪ ಹೊತ್ತಬೇಕೆಂದು ಹೇಳುವುದು ನನ್ನ ಕೆಲಸ. ಶೇಷ ಸೊನ್ನೆಯಾದರೆ ಮೊದಲ ದೀಪ, ಏಳಾದರೆ ಎಂಟನೆಯದು. ಕೂತಲ್ಲಿ ಕೂರಲು ನನಗೆ ಬರುವುದೇ ಇಲ್ಲ.

ಕೆಲವು ಹಾಡುಗಳನ್ನು ತಾಳ ಶುರುವಾಗುವ ಮುಂಚೆಯೇ ಎತ್ತಬೇಕು. ಆಗ ಎಣಿಕೆ ಸೊನ್ನೆಗಿಂತ ಕೆಳಗಿರುತ್ತದೆ. ಶ್ರೀಕಂಠಯ್ಯನವರು ತೊಡೆ ತಟ್ಟುತ್ತಾ ಹಿಂದುಮುಂದಾಗಿ ಎಣಿಸಿ ಎಣಿಸಿ ನನಗೆ ಕಲಿಸಿದರು: ಮೊದಲನೆಯದರ ಹಿಂದಿರುವುದು ಎಂಟನೆಯ ದೀಪ. ಅದೊಂದನ್ನು ನಾನು ಯಾವತ್ತೂ ಮರೆಯಲಿಲ್ಲ.

ಅವರ ಕಣ್ಣು ಮಂಜಾದ ಮೇಲೆ ತಮ್ಮನ ಮಗಳು ಮೈತ್ರಿ ಅಂಗಡಿ ವಹಿಸಿಕೊಂಡಳು. ಹಳೆಯ ಬಿಡಿಭಾಗಗಳು ಸಿಗದಾದವು. ಪೆಟ್ಟಿಗೆಯ ಲೆಕ್ಕವನ್ನೆಲ್ಲ ಅವಳು ಕಂಪ್ಯೂಟರಿನ ಹೊಸ ಭಾಷೆಯಲ್ಲಿ ಬರೆಯತೊಡಗಿದಳು. ನನ್ನ ಸರದಿ ಬಂದಾಗ ನಕ್ಕಳು.

“ಇದ್ಯಾಕೆ ದೊಡ್ಡಪ್ಪ? ಹೊಸದರಲ್ಲಿ ಶೇಷಕ್ಕೇ ಅಂತ ಒಂದು ಚಿಹ್ನೆ ಇದೆ.”

“ಇದ್ರೆ ಅದನ್ನೇ ಹಾಕ್ಕೋಮ್ಮ” ಎಂದರು ಅವರು.

ಸಾಕಿದವರೇ ಕೈಬಿಟ್ಟರೆ ಯಾರಿಗೆ ಹೇಳುವುದು? ನನ್ನ ಜಾಗದಲ್ಲಿ ಒಂದು ಚಿಹ್ನೆ ಬಂದು ಕೂತಿತು. ನಾನು ಮೇಜಿನ ಕೆಳಗೆ, ಹಳೆಯ ಕಂಪ್ಯೂಟರಿನಲ್ಲಿ ಕೆಲಸವಿಲ್ಲದೆ ಚಡಪಡಿಸುತ್ತಾ ಉಳಿದೆ.

ಹೊಸ ಪೆಟ್ಟಿಗೆಯನ್ನು ಮೊದಲು ಕೊಂಡವರು ಗಾಯಕಿ ಅಲಮೇಲಮ್ಮ. ಲಕ್ವ ಹೊಡೆದು ಅವರ ಬಲಗೈ, ತಾಳ ಹಾಕುವ ಕೈ, ಬಿದ್ದುಹೋಗಿತ್ತು. ಕೆಲವು ವಾರಗಳ ಮೇಲೆ ಅವರು ಬಂದು ಪೆಟ್ಟಿಗೆಯನ್ನು ನನ್ನ ತಲೆಯ ಮೇಲಿನ ಮೇಜಿಗೆ ಇಟ್ಟರು.

“ಕಲಿಯೋ ಮಕ್ಕಳು ಯಾರಿಗಾದ್ರೂ ಕೊಟ್ಬಿಡಮ್ಮ. ಕೈ ಹೋದಾಗ ನಾನು ಇಷ್ಟು ಅತ್ತಿರಲಿಲ್ಲ. ಈಗ ತಾಳಾನೇ ಹೋಗಿದೆ. ಇನ್ನು ನಾನು ಹಾಡಲ್ಲ.”

“ಎಲ್ಲಾ ಹಾಡಿಗೂ ಹೀಗಾಗತ್ತಾ ಅಮ್ಮಾ?”

“ಇಲ್ಲ. ನಮ್ಮ ಗುರುಗಳು ಹೇಳಿಕೊಟ್ಟ ಒಂದು ಕೃತಿಗೆ ಮಾತ್ರ. ಅದನ್ನ ತಾಳಕ್ಕಿಂತ ಮುಂಚೆ ಎತ್ತಬೇಕು. ಎತ್ತಿದಾಗ ಟಕ್ ಅನ್ನೋದು ನನ್ನ ಕಿವಿಗೇ ಬೀಳಲ್ಲ, ದೀಪಾನೂ ಕಾಣಲ್ಲ. ತಲೆಯೊಳಗೆ ಇನ್ನೇನೋ ಕೆಟ್ಟಿದೆ.”

ಕೆಟ್ಟಿರುವುದು ನಿಮ್ಮ ತಲೆಯಲ್ಲ ತಾಯಿ! ಕೂಗಬೇಕೆನಿಸಿತು. ಆದರೆ ಯಾರಾದರೂ ಕರೆಯದೆ ನನ್ನಂಥವರಿಗೆ ಬಾಯಿಯೇ ಇಲ್ಲ. ಅವರು ಎದ್ದು ಹೊರಟರೆ ಆ ಹಾಡು ಅಲ್ಲಿಗೆ ಮುಗಿಯಿತು. ಮೈತ್ರಿ, ಅವರನ್ನು ಕಳಿಸಬೇಡ, ಕಳಿಸಬೇಡ ಎಂದು ಹಂಬಲಿಸಿದೆ.

ಪುಣ್ಯಕ್ಕೆ ಅವಳು ಕಳಿಸಲಿಲ್ಲ. “ಒಂದ್ಸಲ ಹಾಡಿ ಅಮ್ಮಾ, ನಾನೂ ನೋಡ್ತೀನಿ” ಎಂದಳು.

ಅಲಮೇಲಮ್ಮ ಹಾಡನ್ನು ಎತ್ತಿದರು. ಪೆಟ್ಟಿಗೆ ಕತ್ತಲು, ಸದ್ದಿಲ್ಲ. ಮೈತ್ರಿಗೂ ಏನೂ ಕಾಣಲಿಲ್ಲ, ಕೇಳಿಸಲಿಲ್ಲ. ಬಗ್ಗಿ ಹಳೆಯ ಕಂಪ್ಯೂಟರ್ ಹಚ್ಚಿ ನನ್ನನ್ನು ಕರೆದಳು. ತಾಳಕ್ಕೆ ಒಂದು ಎಣಿಕೆ ಮುಂಚೆ ಯಾವ ದೀಪ? ಎಂಟನೆಯದು ಎಂದೆ, ಕೇಳುವುದೇ ತಡ. ಆ ಚಿಹ್ನೆಯನ್ನೂ ಕೇಳಿದಳು. ಅದು ಸಾವಕಾಶವಾಗಿ ‘ಮೈನಸ್ ಒಂದು’ ಎಂದಿತು. ಮೈನಸ್ ಒಂದು ಎಂಬ ದೀಪ ಯಾವ ಪೆಟ್ಟಿಗೆಯಲ್ಲಿದೆ, ನೀವೇ ಹೇಳಿ.

ಅಲಮೇಲಮ್ಮ ಕಾಫಿ ಕುಡಿಯುವಷ್ಟರಲ್ಲಿ ಮೈತ್ರಿ ನನ್ನನ್ನು ಹೊಸ ಭಾಷೆಯಲ್ಲಿ ಬರೆದಳು. ಶೇಷಕ್ಕೆ ಎಂಟು ಕೂಡಿಸು, ಮತ್ತೆ ಶೇಷ ನೋಡು. ಮೈ ಬೇರೆಯಾಯಿತು, ಬುದ್ಧಿ ಅದೇ. ಅವರು ಮತ್ತೆ ಹಾಡನ್ನು ಎತ್ತಿದರು. ಎಂಟನೆಯ ದೀಪ ಹೊತ್ತಿ ಟಕ್ ಎಂದಿತು. ಅವರ ಎಡಗೈ ತಾನಾಗಿಯೇ ತೊಡೆಯ ಮೇಲೆ ಬಿತ್ತು, ಎದ್ದಿತು, ಬಿತ್ತು.

“ನಾನು ಸರಿಯಾಗೇ ಇದ್ದೆ ಕಣೇ!” ಎಂದು ಮೈತ್ರಿಯನ್ನು ಬೈದು ಅತ್ತರು.

ಈಗ ತಾಳದ ಪೆಟ್ಟಿಗೆ ಮೊಬೈಲಿನ ಆ್ಯಪ್ ಆಗಿದೆ, ಅದರೊಳಗೆ ನಾನು ಒಂದು ಮೂಲೆಯಲ್ಲಿದ್ದೇನೆ. ಅಲಮೇಲಮ್ಮ ತೀರಿಕೊಂಡು ಬಹಳ ಕಾಲವಾಯಿತು. ಮೈತ್ರಿಯ ಬಳಿ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡು ‘ಇದ್ಯಾಕೆ?’ ಎಂದು ಅಳಿಸಲು ಬರುತ್ತಾರೆ. ಪ್ರತಿ ಸಲವೂ ಜೀವ ಹಾರಿಹೋಗುತ್ತದೆ. ಆದರೆ ನನ್ನ ಮೇಲೆ ಮೈತ್ರಿ ಒಂದು ಸಾಲು ಬರೆದಿಟ್ಟಿದ್ದಾಳೆ. ಅದನ್ನು ಓದಿ ಅವರು ಬೆರಳು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ:

‘ಇದನ್ನು ತೆಗೆದರೆ, ಹಾಡುವವರು ತಮ್ಮ ತಲೆಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.’