ನಾಲ್ಕು ಬೆರಳು ದೂರದ ದನಿ

ನಾನು ಒಂದು ಚಿಪ್. ಭತ್ತದ ಕಾಳಿಗಿಂತ ತುಸು ದಪ್ಪ, ಬಣ್ಣ ಕಪ್ಪು. ಕಾರಿನ ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ನನ್ನ ವಾಸ. ಹುಟ್ಟಿದ ಕಾರ್ಖಾನೆಯಲ್ಲಿ ನನ್ನೊಳಗೆ ಒಂದು ಗುಟ್ಟಿನ ಸಂಖ್ಯೆ ಬರೆದು, ಅದನ್ನು ಒಂದೇ ಒಂದು ಕಾರಿಗೆ ಹೇಳಿಕೊಟ್ಟರು. ಇಷ್ಟು ಚಿಕ್ಕ ದೇಹಕ್ಕೆ ಅಷ್ಟು ದೊಡ್ಡ ಗುಟ್ಟು! ಜಂಬ ಬಾರದೆ ಇದ್ದೀತೆ?

ನನಗೆ ಬ್ಯಾಟರಿ ಇಲ್ಲ. ಕಣ್ಣು ಕಿವಿ ಚುರುಕು, ಬಾಯಿ ಮಾತ್ರ ಕಟ್ಟಿರುತ್ತದೆ. ಕೀಲಿಯನ್ನು ತಿರುಗಿಸಿದಾಗ, ಕೀಲಿತೂತಿನ ಸುತ್ತ ಬಳೆಯಂತೆ ಇರುವ ತಂತಿ ನನಗೆ ಒಂದು ಗುಟುಕು ಶಕ್ತಿ ಕೊಡುತ್ತದೆ. ಒಳಗಿನ ಕಾವಲುಗಾರ ‘ಯಾರು?’ ಎನ್ನುತ್ತಾನೆ. ನಾನು ಸಂಖ್ಯೆ ಹೇಳುತ್ತೇನೆ. ಅವನು ಒಪ್ಪಿದರೆ ಎಂಜಿನ್ ಓಡುತ್ತದೆ, ಇಲ್ಲವಾದರೆ ಒಮ್ಮೆ ಗುರ್ ಎಂದು ನಿಂತುಬಿಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೆಲ್ಲ ಮುಗಿಯುತ್ತದೆ. ಬಾಗಿಲು ಮೀಟಿದರೆ ಓಣಿಗೆಲ್ಲ ಕೇಳುವಂತೆ ಅರಚುವ ಹಾರ್ನ್ ಬೇರೆಯೇ ಇದೆ. ನನ್ನ ದನಿ ನಾಲ್ಕು ಬೆರಳು ದೂರ ಹೋದರೆ ಹೆಚ್ಚು.

ಮೊದಲ ಒಡೆಯ ಬೆಳಗಾವಿಯ ಬ್ಯಾಂಕ್ ಮ್ಯಾನೇಜರ್. ಎರಡನೆಯ ಕೀಲಿಯನ್ನು ಎಲ್ಲೋ ಕಳೆದು, ಆರು ವರ್ಷದ ಮೇಲೆ ಕಾರನ್ನು ಗದಗಿನ ಫಕ್ಕೀರೇಶನಿಗೆ ಮಾರಿದ. ಫಕ್ಕೀರೇಶನದು ಕನ್ನಡಕದ ಅಂಗಡಿ. ಮನೆಯಲ್ಲಿ ತಾಯಿ ನೀಲವ್ವ, ನರ್ಸ್ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ಹೆಂಡತಿ ಶಿವಲೀಲಾ.

ಕೀಲಿಯ ಕವರ್ ಸೀಳಿತ್ತೆಂದು ಫಕ್ಕೀರೇಶ ಹೊಸದು ತರಿಸಿದ. ಕಟ್ಟೆಯ ಮೇಲೆ ಕೂತು ಕೀಲಿಯ ಅಲಗನ್ನೂ ಗುಂಡಿಗಳನ್ನೂ ಹೊಸ ಕವರಿಗೆ ಕೂರಿಸಿದ. ಹಳೆಯ ಕವರಿನ ಮೂಲೆಯಲ್ಲಿ ಅಂಟಿಕೊಂಡಿದ್ದ ನಾನು ಅವನ ಕಣ್ಣಿಗೇ ಬೀಳಲಿಲ್ಲ. ಜನರ ಕಣ್ಣು ಸರಿಮಾಡುವವನ ಕಥೆ ಇದು!

ಹಳೆಯ ಕವರ್ ಎಸೆಯಹೊರಟಾಗ ನೀಲವ್ವ ತಡೆದಳು. “ಯಾಕ ಒಗೀತಿ? ಇಲ್ಲಿ ಕೊಡು.” ಟ್ರಂಕು, ಕಪಾಟುಗಳ ಕೀಲಿಗೊಂಚಲಿಗೆ ನನ್ನನ್ನೂ ಸಿಕ್ಕಿಸಿಕೊಂಡಳು.

ಮರುದಿನ ಕಾರು ಹೊರಡಲಿಲ್ಲ. ಬ್ಯಾಟರಿ ನೋಡಿದರು, ಪೆಟ್ರೋಲು ನೋಡಿದರು. ಕೊನೆಗೆ ನೀಲವ್ವ ಬಂದು, ಗೊಂಚಲು ಹಿಡಿದ ಕೈಯಿಂದಲೇ ಕೀಲಿತೂತಿನ ಹತ್ತಿರ ಕುಂಕುಮ ಹಚ್ಚಿದಳು. ಅದೇ ಹೊತ್ತಿಗೆ ಮಗ ಕೀಲಿ ತಿರುಗಿಸಿದ. ನಾನು ಉಸಿರು ಬಿಡದೆ ಸಂಖ್ಯೆ ಒದರಿದೆ. ಎಂಜಿನ್ ಓಡಿತು!

“ಅವ್ವಾ, ಏನ್ ಕೈಗುಣ ನಿಂದು” ಎಂದ ಮಗ.

ಅಂದಿನಿಂದ ಎಲ್ಲಿಗೆ ಹೋದರೂ ನೀಲವ್ವನಿಗೆ ಮುಂದಿನ ಸೀಟು. ಹೊರಡುವ ಮುನ್ನ ಅವಳು ಗೊಂಚಲು ಹಿಡಿದ ಕೈಯನ್ನು ಕೀಲಿಯ ಹತ್ತಿರ ಇಡಬೇಕು. ಹನ್ನೆರಡು ದಿನದಲ್ಲಿ ಅವಳು ಹನ್ನೆರಡು ವರ್ಷದಲ್ಲಿ ಕಾಣದಷ್ಟು ಊರು ಕಂಡಳು. ಅವಳ ಬೆನ್ನು ನೆಟ್ಟಗಾಯಿತು. ನನಗೂ ಖುಷಿಯೋ ಖುಷಿ.

ಹದಿಮೂರನೆಯ ದಿನ ಶಿವಲೀಲಾ ಮುಂಡರಗಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಅದೇ ಕೊನೆಯ ದಿನ. ಸಂಜೆ ಐದು ದಾಟಿದರೆ ನೇಮಕದ ಆದೇಶ ರದ್ದು. ದೈಹಿಕ ಅರ್ಹತೆಯ ಪ್ರಮಾಣಪತ್ರ ಅವಳ ಕೈಗೆ ಬಂದದ್ದೇ ಮೂರೂಕಾಲಿಗೆ. ಶಾವಿಗೆ ಹೊಸೆಯುತ್ತಿದ್ದ ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗೊಂಚಲನ್ನು, ಹಿಟ್ಟು ಮೆತ್ತೀತೆಂದು, ಬಾಗಿಲ ಮೊಳೆಗೆ ತೂಗುಹಾಕಿದ್ದಳು. ಅದರಲ್ಲಿ ನಾನು!

ಅವಳು ಕೈಯಿಟ್ಟಳು. ಎಂಜಿನ್ ಗುರ್ ಎಂದು ನಿಂತಿತು. ಮತ್ತೆ ಇಟ್ಟಳು, ಮತ್ತೆ ನಿಂತಿತು. ಇಲ್ಲಿದ್ದೇನೆ, ಹತ್ತೇ ಹೆಜ್ಜೆ, ಎಂದು ಕೂಗಬೇಕೆನಿಸಿತು. ಕೂಗುವುದು ಯಾವ ಬಾಯಿಂದ?

“ನನ್ನ ಕೈಗೇನಾತು ಇವತ್ತ” ಎಂದಳು ನೀಲವ್ವ. ಗಂಟೆ ಮೂರೂಮುಕ್ಕಾಲು.

ಫಕ್ಕೀರೇಶ ಪಕ್ಕದ ಓಣಿಯ ಗಾಡಿ ಎಲೆಕ್ಟ್ರಿಷಿಯನ್ ದಾವಲಸಾಬನನ್ನು ಕರೆತಂದ. ಅವನು ಬ್ಯಾಟರಿ ಮುಟ್ಟಲಿಲ್ಲ. ಮೀಟರಿನ ಹತ್ತಿರ ಮಿಣುಕುತ್ತಿದ್ದ ಕೀಲಿ ಗುರುತಿನ ಕೆಂಪು ದೀಪ ನೋಡಿ ಕೇಳಿದ, “ಅಣ್ಣಾರ, ಕೀಲಿ ಕವರ್ ಬದಲಿ ಮಾಡೀರೇನು? ಹಳೇದು ಎಲ್ಲೈತಿ?”

ಎಲ್ಲರೂ ನೀಲವ್ವನತ್ತ ನೋಡಿದರು. ಅವಳು ಬಾಗಿಲ ಮೊಳೆಯತ್ತ ನೋಡಿದಳು.

ದಾವಲಸಾಬ ಗೊಂಚಲು ತಂದು ಹಳೆಯ ಕವರನ್ನು ಕೀಲಿಯ ಪಕ್ಕಕ್ಕೆ ಹಿಡಿದ. ನಾನು ಸಂಖ್ಯೆ ಹೇಳಿದೆ. ಎಂಜಿನ್ ಒಂದೇ ಏಟಿಗೆ ಓಡಿತು! ಕಾರು ಧೂಳೆಬ್ಬಿಸಿಕೊಂಡು ಹೊರಟಿತು, ಗೊಂಚಲಿನ ಸಮೇತ ನಾನೂ. ಶಿವಲೀಲಾ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಾಗ ಐದಕ್ಕೆ ಎಂಟು ನಿಮಿಷ ಬಾಕಿ.

ಆ ಸಂಜೆಯೇ ನನ್ನನ್ನು ಹೊಸ ಕವರಿನಲ್ಲಿ ಅಂಟಿಸಿದರು. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಕಾರು ಶುರುವಾಯಿತು. ಯಾರೂ ನೀಲವ್ವನನ್ನು ಕರೆಯಲಿಲ್ಲ. ಅವಳು ಹೊಸ್ತಿಲೊಳಗೇ ನಿಂತಿದ್ದಳು. ಗೆದ್ದವನು ನಾನು, ಆದರೂ ಈ ಸಲ ಜಂಬ ಬರಲಿಲ್ಲ.

ಕಾರಿನಲ್ಲಿ ಕೂತಿದ್ದ ಶಿವಲೀಲಾ ಇಳಿದು ವಾಪಸು ಹೋದಳು. “ಅತ್ತೀ, ಕೈ ಇಡ್ರಿ.”

“ನನ್ನ ಕೈಯಾಗ ಏನೂ ಇರಲಿಲ್ಲವ್ವಾ. ಎಲ್ಲಾ ಕೀಲಿಯೊಳಗಿನ ಆ ಕರೀ ಕಾಳಿಂದ.”

“ಗಾಡಿಗೆ ಅದು ಸಾಕ್ರಿ. ಇವತ್ತ ಮೊದಲ್ನೇ ಸಲ ಒಬ್ಬಾಕೀನ ಮಂದಿಗೆ ಸೂಜಿ ಮಾಡಾಕ ಹೊಂಟೇನಿ. ಕೈ ನಡಗಾಕತ್ತಾವು. ನನಗ ಇಡ್ರಿ.”

ನೀಲವ್ವ ಸೊಸೆಯ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ಬಹಳ ಹೊತ್ತು ಹಿಡಿದಿದ್ದಳು.

ಇದೆಲ್ಲ ಆಗಿ ಒಂಬತ್ತು ವರ್ಷ. ಕಾರು ಗುಜರಿಗೆ ಹೋಯಿತು, ನೀಲವ್ವನೂ ಇಲ್ಲ. ಕೀಲಿ ಮಾತ್ರ ಅವಳ ಗೊಂಚಲಿನಲ್ಲಿ, ಅದೇ ಮೊಳೆಯ ಮೇಲೆ ಇದೆ. ಓಣಿಯ ಜನ ಮಕ್ಕಳಿಗೆ ಸೂಜಿ ಹಾಕಿಸಲು ಶಿವಲೀಲಾಳನ್ನೇ ಹುಡುಕಿಕೊಂಡು ಬರುತ್ತಾರೆ. ಅವಳ ಕೈಗುಣ ಒಳ್ಳೆಯದಂತೆ. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು. ಆದರೆ ನನ್ನನ್ನು ಯಾರೂ ಸಂಖ್ಯೆ ಬಿಟ್ಟು ಬೇರೇನನ್ನೂ ಕೇಳಲಿಲ್ಲ.